ಸಹಾಯ ಬೇಕು: ಬಿಳುಪು ಮಾಡಿಸಿದ ಮೇಲೆ ಜುಮ್ಮೆನ್ನುವ ಹಲ್ಲುಗಳು

ದಂತವೈದ್ಯ ಮಿತ್ರರಿಗೆ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ನಮ್ಮೂರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ನನ್ನ ತಂಗಿಯ ಮುಂದಿನ ಹಲ್ಲುಗಳ ಮೇಲೆ ಚಿಕ್ಕಂದಿನಿಂದಲೂ ಕಂದು ಕಲೆಗಳಿದ್ದವು. ಇತ್ತೀಚೆಗೆ ಪೆರಾಕ್ಸೈಡ್ ಜೆಲ್ ಹಚ್ಚಿಸಿ ಬಿಳುಪು ಮಾಡಿಸಿದೆವು. ಕಲೆ ಪೂರ್ತಿ ಹೋಗಲಿಲ್ಲ, ಸುಣ್ಣದಂಥ ಬಿಳಿ ಮಚ್ಚೆಗಳು ಎದ್ದು ಕಾಣುತ್ತಿವೆ, ತಣ್ಣನೆಯ ಮಜ್ಜಿಗೆ ತಾಗಿದರೂ ಹಲ್ಲುಗಳು ಜುಮ್ಮೆನ್ನುತ್ತವೆ. ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್‌ನಲ್ಲಿ ಜೀವಕೋಶಗಳಿಲ್ಲದ ಕಾರಣ ಸವೆದದ್ದು ಮತ್ತೆ ಬೆಳೆಯುವುದಿಲ್ಲವೆಂದೂ, ಆದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಕಳೆದುಹೋದ ಖನಿಜವನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆಂದೂ ಓದಿ ತಿಳಿದಿದ್ದೇನೆ. ಹಾಗಿದ್ದರೆ ಜುಮ್ಮೆನ್ನುವುದನ್ನು ತಗ್ಗಿಸುವ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಸಾಕೇ, ಅಥವಾ ದಂತವೈದ್ಯರು ಹಲ್ಲಿನ ಮೇಲೆ ಬಳಿಯುವ ಫ್ಲೋರೈಡ್ ವಾರ್ನಿಶ್ ಹಚ್ಚಿಸಬೇಕೇ? ಫ್ಲೋರೈಡ್‌ನಿಂದಲೇ ಕೆಟ್ಟ ಹಲ್ಲಿಗೆ ಮತ್ತೆ ಅದನ್ನೇ ಹಚ್ಚುವುದು ಸರಿಯೇ ಎಂಬುದು ನಮ್ಮವ್ವನ ದೊಡ್ಡ ಆತಂಕ. ಬಿಳಿ ಮಚ್ಚೆಗಳು ಎದ್ದು ಕಾಣದಂತೆ ಅವುಗಳೊಳಗೆ ರೆಸಿನ್ (ತೆಳುವಾದ ಅಂಟಿನಂಥ ದ್ರವ) ಇಳಿಸುವ ಚಿಕಿತ್ಸೆಯನ್ನು ಬಾಗಲಕೋಟೆಯಲ್ಲಾಗಲಿ ವಿಜಯಪುರದಲ್ಲಾಗಲಿ ಮಾಡಿಸಿಕೊಂಡವರಿದ್ದರೆ ದಯವಿಟ್ಟು ತಿಳಿಸಿರಿ.