ರೀಬೂಟ್ ಮಾಡಿದರೆ ಸರಿಹೋಗುವ ಸರ್ವರ್ ಮತ್ತೆ ಮತ್ತೆ ಯಾಕೆ ಬೀಳುತ್ತದೆ?

ಪ್ರಶ್ನೆ: ನಮ್ಮ ಸಂಘದ ವರ್ಡ್‌ಪ್ರೆಸ್ ಸೈಟು ವಾರಕ್ಕೊಮ್ಮೆಯಾದರೂ ಬಿದ್ದುಹೋಗುತ್ತದೆ. ಡೇಟಾಬೇಸ್ ಸಿಗುತ್ತಿಲ್ಲ ಎಂದು ತೋರಿಸುತ್ತದೆ. ರೀಬೂಟ್ ಮಾಡಿದರೆ ಸರಿ. 2 ಜಿಬಿ ರ‍್ಯಾಮ್, ಉಬುಂಟು, ಅಪಾಚೆ (ವೆಬ್ ಸರ್ವರ್), ಮೈಎಸ್‌ಕ್ಯುಎಲ್ (ಡೇಟಾಬೇಸ್). ದೊಡ್ಡ ಪ್ಲಾನ್ ತಗೊಳ್ಳಿ ಅಂತಾರೆ. ಇಂಥದ್ದನ್ನು ಸರಿಮಾಡಿದವರು ಇದ್ದರೆ ಹೇಳಿ.

ಉತ್ತರ: ದುಡ್ಡು ಹಾಕುವ ಮೊದಲು ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡಿ. ಮೈಎಸ್‌ಕ್ಯುಎಲ್ ತಾನಾಗಿ ಬೀಳುತ್ತಿಲ್ಲ, ಕರ್ನಲ್ಲೇ (ಉಬುಂಟುವಿನ ತಿರುಳು) ಅದನ್ನು ಕೊಲ್ಲುತ್ತಿದೆ ಅಂತ ನನ್ನ ಅನುಮಾನ. ರ‍್ಯಾಮ್ ಮುಗಿದಾಗ ಕರ್ನಲ್ ಸಾಮಾನ್ಯವಾಗಿ ಜಾಸ್ತಿ ಮೆಮೊರಿ ಹಿಡಿದಿರುವ ಪ್ರೊಸೆಸ್ಸನ್ನೇ (ಓಡುತ್ತಿರುವ ಪ್ರೋಗ್ರಾಮನ್ನೇ) ಮುಗಿಸುತ್ತದೆ. ಅಪಾಚೆ ಹತ್ತಾರು ಸಣ್ಣ ಪ್ರೊಸೆಸ್‌ಗಳಾಗಿ ಹರಡಿಕೊಂಡಿರುತ್ತದೆ, ಮೈಎಸ್‌ಕ್ಯುಎಲ್ ಒಂದೇ ದೊಡ್ಡದು. ಹಾಗಾಗಿ ಮೆಮೊರಿ ತಿಂದದ್ದು ಅಪಾಚೆ, ಏಟು ಬಿದ್ದದ್ದು ಮೈಎಸ್‌ಕ್ಯುಎಲ್‌ಗೆ.

ರೀಬೂಟ್ ಮಾಡಿದರೆ ಡಿಮೆಸ್ಗ್ (dmesg) ತೋರಿಸುವ ಕರ್ನಲ್ ಸಂದೇಶಗಳು ಅಳಿಸಿಹೋಗುತ್ತವೆ. ಅದಕ್ಕೇ ವಾರ್ ಲಾಗ್ ಫೋಲ್ಡರಿನ ಕರ್ನ್ ಡಾಟ್ ಲಾಗ್ (/var/log/kern.log) ತೆಗೆದು 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್' (Out of memory: Killed process) ಅಂತ ಹುಡುಕಿ. ಪಕ್ಕದಲ್ಲಿ ಮೈಎಸ್‌ಕ್ಯುಎಲ್‌ಡಿ (mysqld, ಮೈಎಸ್‌ಕ್ಯುಎಲ್‌ನ ಪ್ರೊಸೆಸ್) ಹೆಸರಿದ್ದರೆ ಕಳ್ಳ ಸಿಕ್ಕ ಹಾಗೆಯೇ.

ಮುಂದೆ ಲೆಕ್ಕ. ಅಪಾಚೆಯ ಪ್ರೀಫೋರ್ಕ್ ಮೋಡ್‌ಗೆ (ಒಂದೊಂದು ರಿಕ್ವೆಸ್ಟಿಗೂ ಒಂದೊಂದು ಪ್ರೊಸೆಸ್, ಅದೇ ವರ್ಕರ್) ಉಬುಂಟು ಕೊಡುವ ಫೈಲಿನಲ್ಲಿ ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ (ಒಟ್ಟು ವರ್ಕರ್‌ಗಳ ಮಿತಿ) 150 ಇರುತ್ತದೆ. ಪಿಎಚ್‌ಪಿ ಸೇರಿ ಒಂದು ವರ್ಕರ್ 60 ಎಂಬಿ ತಿಂದರೂ ಒಟ್ಟು 9 ಜಿಬಿ. ನಿಮ್ಮಲ್ಲಿರುವುದು 2! ಮೈಎಸ್‌ಕ್ಯುಎಲ್‌ಗೆ, ಸಿಸ್ಟಮ್‌ಗೆ ಅಂತ 800 ಎಂಬಿ ಬಿಟ್ಟರೆ ಉಳಿಯುವುದು ಸುಮಾರು 1200. ಅದನ್ನು 60ರಿಂದ ಭಾಗಿಸಿ: 20. ನಿಮ್ಮ ವರ್ಕರ್ ಎಷ್ಟು ತಿನ್ನುತ್ತದೆ ಅಂತ ಟಾಪ್ (top) ಕಮಾಂಡಿನಲ್ಲಿ ನೋಡಿಕೊಂಡು, 60ರ ಬದಲು ಅದರಿಂದ ಭಾಗಿಸಿ, ಬಂದ ಸಂಖ್ಯೆಯನ್ನು 150ರ ಜಾಗದಲ್ಲಿ ಹಾಕಿ.

ಇಲ್ಲೊಂದು ಕಡೆ ತುಂಬಾ ಜನ ಎಡವುತ್ತಾರೆ. ಮಿತಿ ಮುಟ್ಟಿದಾಗ ಅಪಾಚೆಯ ಎರರ್ ಲಾಗ್ 'ಈ ಸಂಖ್ಯೆ ಹೆಚ್ಚಿಸಿ ನೋಡಿ' ಅಂತಲೇ ಸಲಹೆ ಕೊಡುತ್ತದೆ. ರ‍್ಯಾಮ್ ಕಡಿಮೆ ಇರುವ ಕಡೆ ದಯವಿಟ್ಟು ಅದನ್ನು ನಂಬಬೇಡಿ. ಸಂಖ್ಯೆ ಏರಿಸಿದಷ್ಟೂ ಬೇಗ ಬೀಳುತ್ತದೆ. ಮಿತಿ ಇದ್ದರೆ ಜನ ಎರಡು ಸೆಕೆಂಡ್ ಕಾಯುತ್ತಾರೆ ಅಷ್ಟೇ, ಸೈಟು ಎದ್ದಿರುತ್ತದೆ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ. ಆದರೆ ಅಷ್ಟು ವರ್ಕರ್ ಎಬ್ಬಿಸುತ್ತಿರುವವರು ಯಾರು ಅಂತಲೂ ನೋಡಬೇಕು ಅಲ್ವಾ? ಬಿದ್ದ ಹೊತ್ತಿನ ಆಕ್ಸೆಸ್ ಲಾಗ್ (ಯಾರು ಏನು ಕೇಳಿದರು ಎಂಬ ಅಪಾಚೆಯ ದಾಖಲೆ) ತೆಗೆಯಿರಿ. ನಮ್ಮದರಲ್ಲಿ ಸಾಲುಸಾಲಾಗಿ ಎಕ್ಸ್‌ಎಂಎಲ್‌ಆರ್‌ಪಿಸಿ ಡಾಟ್ ಪಿಎಚ್‌ಪಿಗೆ (xmlrpc.php, ಹೊರಗಿನ ಆ್ಯಪ್‌ಗಳು ವರ್ಡ್‌ಪ್ರೆಸ್ ಜೊತೆ ಮಾತಾಡುವ ಫೈಲು) ಪೋಸ್ಟ್ ರಿಕ್ವೆಸ್ಟ್ ಬರುತ್ತಿದ್ದವು, ಎಲ್ಲ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು. ವರ್ಡ್‌ಪ್ರೆಸ್ ಮೊಬೈಲ್ ಆ್ಯಪ್, ಜೆಟ್‌ಪ್ಯಾಕ್ ಪ್ಲಗಿನ್ ಬಳಸದಿದ್ದರೆ ಆ ಫೈಲನ್ನು ಅಪಾಚೆಯಲ್ಲೇ ತಡೆದುಬಿಡಿ. ಪ್ಲಗಿನ್ ಹಾಕಿ ತಡೆದರೆ ಪಿಎಚ್‌ಪಿ ಓಡಿಯೇ ಓಡುತ್ತದೆ, ಮೆಮೊರಿ ಉಳಿಯುವುದಿಲ್ಲ.

ಮತ್ತೊಬ್ಬರು: 1 ಜಿಬಿ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕಿನ ಜಾಗ) ಹಾಕಿಕೊಳ್ಳಿ, ತಕ್ಷಣಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಔಟ್ ಆಫ್ ಮೆಮೊರಿ ಸಾಲು ಸಿಗದೇ ಹೋದರೆ ಡಿಸ್ಕ್ ನೋಡಿ. ಡಿಸ್ಕಿನ ಜಾಗ ತೋರಿಸುವ ಡಿಎಫ್ (df) ಕಮಾಂಡ್ ಜೊತೆಗೆ, ಐನೋಡ್ ತೋರಿಸುವ ಡಿಎಫ್ ಮೈನಸ್ ಐ (df -i) ಕೂಡ ಕೊಡಿ. ಒಂದೊಂದು ಫೈಲಿಗೂ ಒಂದು ಐನೋಡ್ ಬೇಕು. ಪಿಎಚ್‌ಪಿ ಸೆಷನ್ ಫೈಲುಗಳು ಲಕ್ಷಗಟ್ಟಲೆ ಸೇರಿ ಐನೋಡ್ ಮುಗಿದಿದ್ದರೆ, ಡಿಸ್ಕಿನಲ್ಲಿ ಜಾಗ ಇದ್ದರೂ ಹೊಸ ಫೈಲ್ ಬರೆಯಲು ಆಗುವುದಿಲ್ಲ.