ಅಪ್‌ಡೇಟ್: ಹುಳು ಬೀಳದಂತೆ ಅವರೆ ಬಿತ್ತನೆ ಬೀಜ ಉಳಿಸಿದ ಬಗೆ

ಹಿತ್ತಲಿನ ಅವರೆಯಿಂದ ಮುಂದಿನ ವರ್ಷಕ್ಕೆಂದು ತೆಗೆದಿಡುವ ಬೀಜ ಡಬ್ಬಿಯಲ್ಲೇ ತೂತು ಬೀಳುವುದನ್ನು ತಡೆಯುವುದು ಹೇಗೆಂದು ಕೇಳಿದ್ದೆ. ನಿಮ್ಮ ಸಲಹೆಗಳಲ್ಲಿ ಪೂರ್ತಿಯಾಗಿ ಫಲಿಸಿದ್ದು ಫ್ರೀಜರ್‌ನದು.

ಕಾಯಿ ಬಳ್ಳಿಯಲ್ಲೇ ಒಣಗಿ ಅಲ್ಲಾಡಿಸಿದರೆ ಗಲಗಲ ಎನ್ನುವಂತಾದ ಮೇಲೆ ಬಿಡಿಸಿ, ಹಲ್ಲಿನಿಂದ ಕಚ್ಚಿದರೂ ಗುರುತು ಬೀಳದಷ್ಟು ನೆರಳಿನಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತುಂಬಿ, ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಟ್ಟೆ. ಹೊರತೆಗೆದ ಬಾಟಲಿಯನ್ನು ಅದರ ತಣುಪು ಪೂರ್ತಿ ಇಳಿಯುವವರೆಗೆ ತೆರೆಯಬಾರದೆಂದು ಒಬ್ಬರು ಎಚ್ಚರಿಸಿದ್ದು ಬಹಳ ಉಪಕಾರವಾಯಿತು, ಏಕೆಂದರೆ ಅವಸರಪಟ್ಟರೆ ತಣ್ಣಗಿನ ಬೀಜದ ಮೇಲೆ ನೀರಿನ ಹನಿ ಕೂತು ಒಣಗಿಸಿದ್ದೆಲ್ಲ ವ್ಯರ್ಥವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದಾಗ ಬಹುತೇಕ ಬೀಜಗಳು ಮೊಳೆತವು.

ಬೇವಿನ ಸೊಪ್ಪು ಮಾತ್ರ ಹಾಕಿದ್ದ ಡಬ್ಬಿಯಲ್ಲಿ ದುಂಡನೆಯ ತೂತುಗಳೂ ತಳದಲ್ಲಿ ಹಿಟ್ಟಿನಂಥ ಪುಡಿಯೂ ಕಾಣಿಸಿದವು. ನನಗೆ ಅಚ್ಚರಿಯೆನಿಸಿದ ಸಂಗತಿ ಇದು: ಈ ಹುಳು ಹೆಚ್ಚಾಗಿ ತೋಟದಲ್ಲೇ, ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ, ಮರಿ ಬೀಜದೊಳಗೆ ಕೊರೆದು ಸೇರಿಕೊಂಡು, ಬೆಳೆದ ಮೇಲೆ ತೂತು ಮಾಡಿಕೊಂಡು ಹೊರಬರುತ್ತದೆ. ಹೊರಗಿಟ್ಟ ಬೇವು ಒಳಗಿನ ಮರಿಯನ್ನು ಕೊಲ್ಲುವುದಿಲ್ಲ. ಜರಡಿ ಹಿಡಿದ ಒಲೆಬೂದಿ ಬೆರೆಸಿದ ಬೀಜದಲ್ಲಿ ಹಾನಿ ಕಡಿಮೆಯಿತ್ತು. ಫ್ರೀಜರ್ ಇಲ್ಲದವರು ಅದನ್ನೇ ಮಾಡಬಹುದು.