ಅಪ್ಪನ ಮಾತಿಗೆ ಟಿಎಂಎಸ್ ಮಾಡಿಸಬಹುದೇ?

ಹಿರಿಮಗಳು
ಎಂಟು ತಿಂಗಳ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಈಗ ನಡೆದಾಡುತ್ತಾರೆ, ನಾವು ಹೇಳಿದ್ದೆಲ್ಲ ತಿಳಿಯುತ್ತದೆ. ಬೇಕಾದ ಪದ ಮಾತ್ರ ನಾಲಿಗೆಗೆ ಬರುವುದಿಲ್ಲ. ನಿನ್ನೆ ಬಾಚಣಿಗೆ ತೋರಿಸಿದೆ. ‘ತಲೆ... ತಲೆ...’ ಎಂದು ತಡಕಾಡಿ, ಕೊನೆಗೆ ಸಿಟ್ಟಿನಿಂದ ಅದನ್ನು ಎಸೆದರು. ಮಿದುಳಿಗೆ ಕಾಂತದಿಂದ ಪ್ರಚೋದನೆ ಕೊಡುವ ಟಿಎಂಎಸ್ ಎಂದರೆ ಕರೆಂಟ್ ಶಾಕೇ? ಮಾತು ಮರಳುತ್ತದೆಯೇ?

ಕಾಯಿಲ್ ಹಿಡಿದವನು
ಶಾಕ್ ಅಲ್ಲ ಮೇಡಂ, ಎಚ್ಚರವಾಗಿಯೇ ಕುಳಿತಿರುತ್ತಾರೆ. ಆರು ವರ್ಷ ಪ್ರಯೋಗಾಲಯದಲ್ಲಿ ಇದೇ ನನ್ನ ಕೆಲಸವಾಗಿತ್ತು. ಮೊದಲು ಒಡ್ಡಿದ್ದು ನನ್ನ ತಲೆಯನ್ನೇ. 8ರ ಆಕಾರದ ಕಾಯಿಲನ್ನು, ಅಂದರೆ ತಂತಿಯ ಸುರುಳಿಯನ್ನು, ನೆತ್ತಿಯ ಎಡಕ್ಕೆ ಇಟ್ಟು ‘ಟಕ್’ ಎನ್ನಿಸಿದರು. ಬಲಗೈ ಹೆಬ್ಬೆರಳು ನನ್ನನ್ನು ಕೇಳದೆ ಕುಣಿಯಿತು. ನಗು ಬಂತು, ಸ್ವಲ್ಪ ಭಯವೂ ಆಯಿತು. ಕ್ಷಣಮಾತ್ರದ ಆ ಕಾಂತಕ್ಷೇತ್ರ ಮಿದುಳಿನ ಮೇಲ್ಪದರದಲ್ಲಿ, ಎರಡು ಮೂರು ಸೆಂಟಿಮೀಟರ್ ಆಳದವರೆಗೆ, ವಿದ್ಯುತ್ ಹುಟ್ಟಿಸುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ವಿಜ್ಞಾನಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ಬೆರಳು ಕುಣಿಯಲು ಎಷ್ಟು ಬೇಕೋ ಅದನ್ನು ಅಳೆದೇ ಒಬ್ಬೊಬ್ಬರಿಗೂ ತೀವ್ರತೆ ಗೊತ್ತುಮಾಡುತ್ತಾರೆ.

ಹೆಚ್ಚಿನವರಲ್ಲಿ ಮಾತನ್ನು ನೋಡಿಕೊಳ್ಳುವ ಎಡ ಮಿದುಳು ಪೆಟ್ಟು ತಿಂದಾಗ ಬಲಭಾಗ ಅತಿಯಾಗಿ ಚುರುಕಾಗಿ ಅಡ್ಡಗಾಲು ಹಾಕುತ್ತದೆ ಎಂಬ ಊಹೆಯಿದೆ. ಅದಕ್ಕೇ ಪೆಟ್ಟು ಬೀಳದ ಬಲಕ್ಕೆ ಸೆಕೆಂಡಿಗೊಂದರಂತೆ ನಿಧಾನದ ಮಿಡಿತ ಕೊಟ್ಟು ತಣ್ಣಗಾಗಿಸುತ್ತಾರೆ. ವೇಗದ ಮಿಡಿತ, ಸೆಕೆಂಡಿಗೆ ಹತ್ತರಂತೆ, ಸಾಮಾನ್ಯವಾಗಿ ಚುರುಕುಗೊಳಿಸಲು. ಕೆಲವರಿಗೆ ವಸ್ತುಗಳ ಹೆಸರು ಹೇಳುವುದು ಸುಧಾರಿಸಿದೆ, ಎಲ್ಲರಿಗೂ ಅಲ್ಲ. ಗ್ಯಾರಂಟಿ ಕೊಡುವವರ ಬಾಗಿಲಿಗೆ ಹೋಗಬೇಡಿ.

ಮಾತಿನ ಮೇಷ್ಟರು
ನಾನು ವಾಕ್ ಚಿಕಿತ್ಸಕ. ಕಾಯಿಲ್ ಒಂದೇ ಮಾತು ಕಲಿಸುವುದಿಲ್ಲ. ಅದರ ಬೆನ್ನಿಗೇ ಅಭ್ಯಾಸ ಬೇಕು. ಬಾಚಣಿಗೆ ತೋರಿಸಿ ‘ಬಾ’ ಎಂದಷ್ಟೇ ಹೇಳಿ, ಕಾಯಿರಿ. ಪದವನ್ನು ನೀವೇ ಪೂರ್ತಿ ಮಾಡಿಕೊಡಬೇಡಿ, ನಮಗೆಲ್ಲ ಇರುವ ಕೆಟ್ಟ ಚಾಳಿ ಅದು.

ಕಾಯಿಲ್ ಹಿಡಿದವನು
ಒಂದು ಬಿಟ್ಟುಹೋಯಿತು. ತಲೆಯೊಳಗೆ ಲೋಹದ ಕ್ಲಿಪ್, ಕಿವಿ ಕೇಳಿಸಲು ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್, ಇಲ್ಲವೇ ಎದೆಯಲ್ಲಿ ಪೇಸ್‌ಮೇಕರ್ ಏನಾದರೂ ಇದೆಯೇ? ಎಂದಾದರೂ ಫಿಟ್ಸ್ ಬಂದಿತ್ತೇ?

ಹಿರಿಮಗಳು
ಪಾರ್ಶ್ವವಾಯು ಆದ ವಾರವೇ ಒಮ್ಮೆ ಫಿಟ್ಸ್ ಬಂದಿತ್ತು. ಬರೆಯಲು ಮರೆತೆ.

ಕಾಯಿಲ್ ಹಿಡಿದವನು
ಹಾಗಾದರೆ ಮೊದಲು ನರರೋಗ ತಜ್ಞರಿಗೆ ಅದನ್ನೇ ಹೇಳಿ. ಟಿಎಂಎಸ್‌ನಿಂದ ಫಿಟ್ಸ್ ಬರುವುದು ಅಪರೂಪ. ಆದರೆ ಒಮ್ಮೆ ಬಂದವರ ಲೆಕ್ಕ ಬೇರೆ.

ಹಿರಿಮಗಳು
ಸರಿ ಸರ್, ಹೇಳುತ್ತೇನೆ. ಮೇಷ್ಟರೇ, ಈಗಷ್ಟೇ ‘ಬಾ’ ಎಂದು ಕಾದೆ. ‘ಬಾಗಿಲು’ ಎಂದರು. ತಪ್ಪೆಂದು ಅವರಿಗೇ ಗೊತ್ತಾಗಿ ನಕ್ಕರು. ಬಾಚಣಿಗೆ ಇನ್ನೂ ಕೈಯಲ್ಲೇ ಇದೆ.